ಆರಾಮ ಅಂತ ತೋರಿಸುವ ಮೀಟರು

ಚೀನೀ ವೈದ್ಯೆ ನಮ್ಮ ಲೋಡರ್ ಆಪರೇಟರನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ ನಾಡಿ ನೋಡಿ, ಆಮೇಲೆ ಇಂಗ್ಲಿಷಿನಲ್ಲಿ, "ಇವರ ಯಕೃತ್ತು ಗುಲ್ಮವನ್ನು ತುಳಿಯುತ್ತಿದೆ" ಎಂದರು. ನಮ್ಮ ಪ್ಲಾಂಟ್ ಡಾಕ್ಟರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು.

ಡಾಕ್ಟರು ಹೊಸಪೇಟೆಯ ಹಳೆಯ ವೈಷ್ಣವ ಮನೆತನದವರು. ಹಣೆಯ ಮೇಲೆ ಸಣ್ಣ ನಾಮ, ಬಾಯಲ್ಲಿ ಸದಾ ಒಂದು ಕೊಂಕು ಮಾತು. ಕೆಮ್ಮು ನಿಂತ ಮೇಲೆ ಮೂಗು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಲಿವರ್ ಟೆಸ್ಟ್ ನಾರ್ಮಲ್ ಅದ. ಬಳ್ಳಾರಿಯಾಗ ತಲಿ ಸ್ಕ್ಯಾನ್ ಮಾಡ್ಸಿದ್ವಿ, ಅದೂ ನಾರ್ಮಲ್. ಈ ಲಿವರೂ ಸ್ಪ್ಲೀನೂ ಯಾವಾಗ ಜಗಳಾಡಿದ್ವು ಅಂತ ನಮಗ ಯಾರೂ ಹೇಳ್ಲೇ ಇಲ್ವಲ್ರಿ."

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. "ಡಾಕ್ಟರಿಗೆ ಇನ್ನಷ್ಟು ತಿಳಿದುಕೊಳ್ಳುವ ಆಸೆಯಿದೆ" ಎಂದೆ.

ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಗಾದಿಗನೂರಿನ ಕಡೆ ನಮ್ಮ ಕಂಪನಿ ಕೀಳುದರ್ಜೆಯ ಅದಿರನ್ನು ತೊಳೆದು ಮೇಲ್ದರ್ಜೆಗೆ ಏರಿಸುವ ಪ್ಲಾಂಟ್ ಹಾಕಿತ್ತು. ಯಂತ್ರಗಳು ಚೀನಾದವು. ಅವನ್ನು ಚಾಲೂ ಮಾಡಿಕೊಡಲು ಬಂದ ತಂಡದ ಜೊತೆಗೆ ಒಬ್ಬ ಅಡುಗೆಯವನೂ ಒಬ್ಬರು ವೈದ್ಯೆಯೂ ಬಂದಿದ್ದರು. ವೈದ್ಯೆಗೆ ನಲವತ್ತು ದಾಟಿರಬಹುದು. ಅವರದು ಸೂಜಿ, ಬೇರು, ನಾಡಿಯ ವೈದ್ಯ. ಪ್ಲಾಂಟಿನ ಮೀಟರುಗಳೆಲ್ಲ ನನ್ನ ಸುಪರ್ದಿಯಲ್ಲಿದ್ದವು: ಒತ್ತಡ, ಮಟ್ಟ, ಹರಿವು, ಮೀಟರು ಹೇಳಿದಂತೆ ವಾಲ್ವು ತಿರುಗಿಸಿ ಅವನ್ನು ಹಿಡಿತದಲ್ಲಿಡುವ ಕಂಟ್ರೋಲ್ ಲೂಪುಗಳು. ಕೆಲಸಗಾರರು ನನ್ನನ್ನು ಮೀಟರ್ ಸಾಹೇಬ್ರು ಎನ್ನುತ್ತಿದ್ದರು. ಸಿಟ್ಟಿನ ಮನುಷ್ಯ ಎಂದೂ ಅನ್ನುತ್ತಿದ್ದರಂತೆ, ನನ್ನ ಎದುರಿಗಲ್ಲ.

ಲೋಡರ್ ಆಪರೇಟರ್ ಚೋರನೂರಿನವನು. ಅದಿರಿನ ರಾಶಿಗೆ ಬಕೆಟ್ ಹಾಕಿ ಲಾರಿ ತುಂಬುವ ಆ ದೊಡ್ಡ ಯಂತ್ರವನ್ನು ಅವನಷ್ಟು ನಾಜೂಕಾಗಿ ಓಡಿಸುವವರು ನಮ್ಮಲ್ಲಿರಲಿಲ್ಲ. ಕೆಲವು ತಿಂಗಳಿಂದ ಅವನಿಗೆ ತಲೆನೋವು, ಆಗಾಗ ತಲೆಸುತ್ತು. ತಲೆಸುತ್ತು ಇದ್ದವರು ಯಂತ್ರ ಹತ್ತುವಂತಿಲ್ಲ. ಅವನನ್ನು ಇಳಿಸಿ ಗೇಟಿನಲ್ಲಿ ಲಾರಿಗಳಿಗೆ ಕೆಂಪು ಬಾವುಟ ತೋರಿಸುವ ಕೆಲಸಕ್ಕೆ ಹಾಕಿದ್ದರು. ಚೀನೀ ತಂಡ ಪ್ಲಾಂಟನ್ನು ನಮಗೆ ಒಪ್ಪಿಸಿ ಹೊರಡುವಷ್ಟರಲ್ಲಿ ಅವನು ಫಿಟ್ ಎಂದು ಡಾಕ್ಟರು ಬರೆದುಕೊಟ್ಟರೆ ಸೀಟು ಅವನದೇ. ಇಲ್ಲವಾದರೆ ಅದು ಶಾಶ್ವತವಾಗಿ ಬೇರೆಯವನ ಪಾಲಾಗುತ್ತಿತ್ತು. "ಬಾವುಟ ಹಿಡ್ಕೊಂಡ್ ನಿಂತ್ರ ನನ್ನ ಕೈ ನಂದಲ್ಲ ಅನ್ನಿಸ್ತದ್ರಿ ಸಾಹೇಬ್ರ" ಎಂದಿದ್ದ ನನ್ನ ಹತ್ತಿರ.

ಡಾಕ್ಟರಿಗೂ ವೈದ್ಯೆಗೂ ನಡುವೆ ಜಗಳ ಹತ್ತಬಾರದೆಂದು ಮ್ಯಾನೇಜರು ನನ್ನನ್ನು ಕರೆಸಿದರು. "ನೀವು ಎಲ್ಲಾದಕ್ಕೂ ಲೂಪ್ ಬರೀತೀರಲ್ರಿ. ಇದಕ್ಕೂ ಒಂದು ಬರೀರಿ. ಮೇಡಮ್ ಹೇಳೋದು ಡಾಕ್ಟರಿಗೆ ತಿಳೀಬೇಕು, ಡಾಕ್ಟರ್ ಹೇಳೋದು ಮೇಡಮ್ಮಿಗೆ ತಿಳೀಬೇಕು. ಇಬ್ರೂ ಸೇರಿ ಆ ಹುಡುಗನ್ನ ಸೀಟ್ ಮ್ಯಾಲೆ ಕೂಡ್ಸಿದ್ರ ಸಾಕು."

ಹೀಗೆ ಮೀಟರ್ ಸಾಹೇಬ ನಾಡಿಶಾಸ್ತ್ರದ ದುಭಾಷಿಯಾದ.

ದಿನಾ ಊಟದ ನಂತರ ಕ್ಯಾಂಟೀನಿನಲ್ಲಿ ವೈದ್ಯೆ ನನಗೆ ಪಾಠ ಹೇಳುತ್ತಿದ್ದರು. ಅವರ ಶಾಸ್ತ್ರದಲ್ಲಿ ಐದು ಹೆಸರುಗಳಿವೆ: ಮರ, ಬೆಂಕಿ, ಮಣ್ಣು, ಲೋಹ, ನೀರು. ಒಂದೊಂದಕ್ಕೆ ಒಂದೊಂದು ಅಂಗ. ಒಂದು ಮುಂದಿನದನ್ನು ಪೋಷಿಸುತ್ತದೆ, ಇನ್ನೊಂದನ್ನು ಅಂಕೆಯಲ್ಲಿಡುತ್ತದೆ. ಮೊದಲು ನಾನು ಇವನ್ನು ನಮ್ಮ ಪಂಚಭೂತಗಳ ಪಕ್ಕದಲ್ಲಿಟ್ಟು ತಾಳೆ ಹಾಕಿದೆ. ಮೂರು ಕೂಡಿದವು, ಎರಡು ಕೂಡಲಿಲ್ಲ. ಆಮೇಲೆ ಒಂದೊಂದು ಅಂಗಕ್ಕೂ ಒಂದೊಂದು ಡಬ್ಬಿ ಬರೆದು, ಯಕೃತ್ತು ಪಂಪು, ಗುಲ್ಮ ತೊಟ್ಟಿ ಎಂದು ಚಿತ್ರ ಮಾಡಿಕೊಂಡು ಹೋದೆ. ವೈದ್ಯೆ ನೋಡಿ ನಕ್ಕರು.

"ನೀವು ಡಬ್ಬಿಗಳನ್ನು ಬರೆದಿದ್ದೀರಿ. ನಮ್ಮ ಪುಸ್ತಕದಲ್ಲಿರುವುದು ಬಾಣದ ಗುರುತುಗಳು."

ಆ ಮಾತಿಗೆ ನನ್ನ ತಲೆಯಲ್ಲಿ ದೀಪ ಹತ್ತಿತು. ಲೋಟದ ನೀರಿನಲ್ಲಿ ಬೆರಳದ್ದಿ ಟೇಬಲ್ಲಿನ ಮೇಲೆ ಮತ್ತೆ ಬರೆದೆ, ಈ ಸಲ ಬರೀ ಬಾಣಗಳು. ಅವರು ಯಕೃತ್ತು ಎಂದಾಗ ಬಲಪಕ್ಕೆಯ ಅಂಗವೊಂದನ್ನೇ ಹೇಳುತ್ತಿರಲಿಲ್ಲ. ಸಿಟ್ಟು, ನಿದ್ದೆ, ಮೈಯ ಬಿಗಿತ ಎಲ್ಲ ಸೇರಿದ ಒಂದು ಓಟಕ್ಕೆ ಅದು ಹೆಸರು. ಗುಲ್ಮ ಅಂದರೆ ಹಸಿವು, ಜೀರ್ಣ, ಮೈಗೆ ಅನ್ನ ಹತ್ತುವ ಇನ್ನೊಂದು ಓಟ. ಮೊದಲಿನದು ಅತಿಯಾಗಿ ಎರಡನೆಯದನ್ನು ಕೆಡಿಸುತ್ತಿದೆ ಎಂಬುದೇ ಆ ತುಳಿತದ ಅರ್ಥ. ಒಂದು ಲೂಪು ಇನ್ನೊಂದನ್ನು ಅಲುಗಾಡಿಸುವುದನ್ನು ನಾನು ಪ್ಲಾಂಟಿನಲ್ಲಿ ದಿನಬೆಳಗಾದರೆ ನೋಡುತ್ತಿದ್ದೆ. ಡಾಕ್ಟರಿಗೆ ಹಾಗೆಯೇ ವಿವರಿಸಿದೆ.

"ಹಂಗಂದ್ರ ನಿದ್ದಿಗೆಟ್ಟು ಹೊಟ್ಟಿ ಕೆಟ್ಟದ ಅನ್ರಿ. ಅದಕ್ಕ ಯಾಕ ಕುಸ್ತಿ ಆಡಸ್ತೀರಿ?" ಎಂದರು. ಆದರೆ ಅವತ್ತು ಚಹಾ ನೆತ್ತಿಗೆ ಹತ್ತಲಿಲ್ಲ.

ನಾಡಿಯ ವಿಷಯದಲ್ಲಿ ಮಾತ್ರ ನನ್ನ ಜಂಬ ಅಡ್ಡ ಬಂತು. ಆಪರೇಟರನ ನಾಡಿ ವೀಣೆಯ ತಂತಿಯಂತೆ ಬಿಗಿದಿದೆ ಎಂದಿದ್ದರು ವೈದ್ಯೆ. ಬೆರಳಿಗೆ ಸಿಗುವುದು ಮೀಟರಿಗೆ ಯಾಕೆ ಸಿಗಬಾರದು? ಸ್ಟೋರಿನಿಂದ ಅತಿ ಸೂಕ್ಷ್ಮದ ಪ್ರೆಶರ್ ಟ್ರಾನ್ಸ್‌ಮಿಟರ್ ಒಂದನ್ನು ತಂದೆ. ಅದರ ಮೂತಿಗೆ ಸಣ್ಣ ನಳಿಕೆ, ನಳಿಕೆಯ ತುದಿಗೆ ಹಂಪಿಯ ಅಂಗಡಿಯಲ್ಲಿ ಕೊಂಡ ಮಕ್ಕಳ ಬಲೂನು, ಬಲೂನಿನ ಮೇಲೆ ಆಪರೇಟರನ ಮಣಿಕಟ್ಟು, ಮೇಲೊಂದು ಬಟ್ಟೆಯ ಪಟ್ಟಿ. ಕಾಗದದ ಮೇಲೆ ಗೆರೆ ಎಳೆಯುವ ರೆಕಾರ್ಡರನ್ನು ಚಾಲೂ ಮಾಡಿದೆ. ಪೆನ್ನು ಒಂದಿಷ್ಟೂ ಅಲುಗಲಿಲ್ಲ. ಬಿಗಿ ಮಾಡಿದೆ. ಆಗ ಚೆನ್ನಾಗಿ ಕುಣಿಯಿತು. ನಾನು ಖುಷಿಯಿಂದ ವೈದ್ಯೆಯನ್ನು ಕರೆದೆ. ಅವರು ಗೆರೆ ನೋಡಿದರು, ಕಿಟಕಿ ನೋಡಿದರು. ಹೊರಗೆ ಅದಿರಿನ ಲಾರಿ ಹೋದಾಗೆಲ್ಲ ನೆಲ ನಡುಗಿ ಪೆನ್ನು ಕುಣಿಯುತ್ತಿತ್ತು. "ಲಾರಿಯ ನಾಡಿ ಬಹಳ ಗಟ್ಟಿಯಾಗಿದೆ" ಎಂದರು.

ಡಾಕ್ಟರು ಆ ಕಾಗದವನ್ನು ಕೇಳಿ ಪಡೆದು ತಮ್ಮ ಗೋಡೆಗೆ ಅಂಟಿಸಿಕೊಂಡರು.

ಇಷ್ಟೆಲ್ಲ ಆದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ನೋವಿದ್ದಾಗ ಡಾಕ್ಟರ ಗುಳಿಗೆ. ವಾರಕ್ಕೆರಡು ಬಾರಿ ವೈದ್ಯೆಯ ಸೂಜಿ. ಅವರ ಬೇರಿನ ಕಷಾಯವನ್ನು, ಅದರಲ್ಲಿ ಏನೇನಿದೆ ಎಂದು ಡಾಕ್ಟರು ವಿಚಾರಿಸಿ ಒಪ್ಪಿದ ಮೇಲೆ ಕೊಡುವುದು. ದಿನಾ ಅವನನ್ನು ವಿಚಾರಿಸಿ ಗ್ರಾಫ್ ಹಾಕುವುದು ನನ್ನ ಪಾಲಿಗೆ ಬಂತು.

ಮೊದಲ ದಿನ ವೈದ್ಯೆ ಅವನಿಗೆ ಕೇಳಿದ ಪ್ರಶ್ನೆಗಳು ಒಂದೆರಡಲ್ಲ. ಬಾಯಾರಿಕೆಯಾ, ಬಿಸಿ ಬೇಕೆನಿಸುತ್ತದಾ ತಣ್ಣಗಿನದಾ, ಬೆವರು ಎಲ್ಲಿ, ಕನಸು ಬೀಳುತ್ತದಾ. ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ ಎಂದಾಗ ಅವನು, "ಯಾವ ವಾರದ್ದ್ ಹೇಳ್ಲಿ?" ಎಂದು ನನ್ನನ್ನೇ ಕೇಳಿದ್ದ. ನಾನು, "ಹೊತ್ತು ಗೊತ್ತಿಲ್ಲವಂತೆ" ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಒಗೆದು ಮುಂದೆ ಹೋದೆ. ಊಟಕ್ಕೆ ಹೊತ್ತಾಗಿತ್ತು.

ಸೂಜಿಯ ಮೊದಲ ಸರದಿಗೆ ಆಪರೇಟರ್ ಅರ್ಧ ನಿರಾಸೆಯಲ್ಲಿದ್ದ. "ಔಷಧ ತುಂಬ್ಲಿಲ್ಲಲ್ರಿ, ಖಾಲಿ ಸೂಜಿ ಚುಚ್ಚಿದ್ರು" ಎಂದು ಪಿಸುಗುಟ್ಟಿದ. ಆದರೂ ಸಂಜೆ ನಾನು, "ಹೆಂಗದೀಯಪ್ಪಾ? ನೋವು ಹತ್ತಕ್ಕ ಎಷ್ಟು?" ಎಂದರೆ ಮೊದಲ ದಿನಕ್ಕಿಂತ ಕಡಿಮೆ ಹೇಳಿದ. ಮರುವಾರ ಇನ್ನೂ ಕಡಿಮೆ. "ಭಾಳ ಆರಾಮ್ರಿ ಸಾಹೇಬ್ರ." ನನ್ನ ಗ್ರಾಫು ಇಳಿಜಾರಿನ ದಾರಿಯಂತೆ ಮೆಲ್ಲಗೆ, ಚೆಂದಗೆ ಇಳಿಯುತ್ತ ಹೋಯಿತು. ಅಂಥ ಗ್ರಾಫು ನನ್ನ ಪ್ಲಾಂಟಿನ ಯಾವ ಲೂಪಿನಲ್ಲೂ ಬಂದಿರಲಿಲ್ಲ. ಅನುಮಾನ ಬರಬೇಕಿತ್ತು. ಬರಲಿಲ್ಲ. ಅದನ್ನು ದೊಡ್ಡದಾಗಿ ಬರೆಸಿ ಮ್ಯಾನೇಜರ ಮುಂದೆ ಬಿಚ್ಚಿದೆ, ಡಬ್ಬಿ, ಬಾಣ, ಐದು ಹೆಸರು ಎಲ್ಲವನ್ನೂ ವಿವರಿಸಿದೆ. ಡಾಕ್ಟರು ಕೂಡ ತಲೆದೂಗಿ, ಖಾಲಿ ಯಾರ್ಡಿನಲ್ಲಿ ಒಂದು ಪರೀಕ್ಷೆ ಆಗಲಿ ಎಂದರು.

ಆಪರೇಟರ್ ಸೀಟಿಗೆ ಕೈಮುಗಿದು ಹತ್ತಿದ. ಯಂತ್ರ ಮುಂದೆ ಹೋಯಿತು, ಬಕೆಟ್ ಎತ್ತಿತು, ರಾಶಿಯ ಕಡೆ ತಿರುಗಿತು. ತಿರುಗಿದ್ದು ಹಾಗೆಯೇ ನಿಂತಿತು. ಅವನು ನಿಧಾನವಾಗಿ ಬಕೆಟ್ಟನ್ನು ನೆಲಕ್ಕಿಳಿಸಿದ, ಎಂಜಿನ್ ಆರಿಸಿದ, ಕಂಬಿ ಹಿಡಿದು ಕೆಳಗಿಳಿದ, ಚಕ್ರದ ಪಕ್ಕ ಕುಂತು ವಾಂತಿ ಮಾಡಿಕೊಂಡ. ಆಮೇಲೆ ಕೀಲಿಯನ್ನು ತಾನೇ ತಂದು ಡಾಕ್ಟರ ಕೈಗೆ ಕೊಟ್ಟ.

ಅವತ್ತು ಸಂಜೆ ನಾವು ಮೂವರೂ ಗಾದಿಗನೂರಿನಲ್ಲಿ ಅವನು ಬಾಡಿಗೆಗಿದ್ದ ಮನೆಗೆ ಹೋದೆವು. ಅವನ ಹೆಂಡತಿ ಬಾಗಿಲಲ್ಲೇ, "ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದಳು. ನಾನು, ಇಷ್ಟು ಆರಾಮಾಗಿದ್ದವನಿಗೆ ಇದ್ದಕ್ಕಿದ್ದಂತೆ ಏನಾಯಿತೆಂದು ಕೇಳಿದೆ.

"ಆರಾಮ?" ಎಂದಳು ಅವಳು. "ಯಾರಿಗ್ರಿ ಆರಾಮ? ದಿನಾ ಬಂದು ಹಸಿ ಟವಲ್ ತಲಿಗೆ ಸುತ್ಕೊಂಡು ಮಕ್ಕೊಂತಾನ. ತಟ್ಟಿಯಾಗಿನ ರೊಟ್ಟಿ ಹಂಗ ಇರ್ತಾವ. ನೀವು ಕೊಟ್ಟ ಗುಳಿಗಿ ಸಾಲಂಗಿಲ್ಲಂತ ಗೇಟಿನ ಅಂಗಡ್ಯಾಗ ಬ್ಯಾರೆ ತಗೊಂತಾನ. ಯಾರ್ದರ ಕಣ್ಣು ಬಿದ್ದೈತಿ ಅಂತ ನಾನು ನಿಂಬಿಹಣ್ಣು ಇಳೇ ತಗದು ತಗದು ಸಾಕಾಗ್ಯದ."

ನನಗೆ ಸಿಟ್ಟು ಎಲ್ಲಿಂದ ಬಂತೋ. "ಲೇ, ದಿನಾ ಕೇಳ್ದಾಗ ಆರಾಮ ಆರಾಮ ಅಂದ್ಯಲ್ಲ. ಸುಳ್ಳ್ಯಾಕ ಹೇಳ್ದಿ?"

ಅವನು ತಲೆತಗ್ಗಿಸಿದ. "ಸುಳ್ಳಲ್ರಿ ಸಾಹೇಬ್ರ. ಡಾಕ್ಟ್ರು ದೊಡ್ಡೋರು. ಈ ಅಮ್ಮಾರು ಸಮುದ್ರ ದಾಟಿ ಬಂದು ನನ್ನ ಕಾಲು ಮುಟ್ಟಿ ಸೂಜಿ ಇಡ್ತಾರ. ನೀವು ದಿನಾ ಕೆಲಸ ಬಿಟ್ಟು ಬಂದು ಹೆಂಗದೀ ಅಂತೀರಿ. ನಿಮ್ ಮುಖ ನೋಡಿ ಇಲ್ಲಂತ ಹೆಂಗ ಹೇಳ್ಲಿ? ಹೆಂಗದೀ ಅಂದ್ರ ಆರಾಮ ಅನ್ನೋದಲ್ಲೇನ್ರಿ?"

ಅದು ನಿಜವೇ. ಕಂಪ್ಲಿಯಲ್ಲಿ ನಮ್ಮಪ್ಪ ಜ್ವರದಲ್ಲಿ ಮಲಗಿದ್ದಾಗಲೂ ಅಕ್ಕಿಗಿರಣಿಯ ಗಿರಾಕಿಗಳಿಗೆ ಆರಾಮ ಎಂದೇ ಹೇಳುತ್ತಿದ್ದ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತನ್ನೇ ಮೀಟರು ಎಂದು ನಂಬಿ ಗ್ರಾಫು ಎಳೆದಿದ್ದೆ. ಏನೇ ಆದರೂ ಆರಾಮ ಅಂತಲೇ ತೋರಿಸುವ ಮೀಟರನ್ನು ಪ್ಲಾಂಟಿನಲ್ಲಾದರೆ ಅರ್ಧ ಗಂಟೆಯಲ್ಲಿ ಕಿತ್ತು ಹಾಕುತ್ತಿದ್ದೆ.

ಇದನ್ನೆಲ್ಲ ವೈದ್ಯೆಗೆ ಒಂದಕ್ಷರ ಬಿಡದೆ ತಿರುಗಿಸಿ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ನಮ್ಮಲ್ಲೂ ಎದುರು ಸಿಕ್ಕವರನ್ನು ಊಟವಾಯಿತೇ ಎನ್ನುತ್ತಾರೆ. ಹಸಿದಿದ್ದರೂ ಆಯಿತು ಎನ್ನಬೇಕು. ಅದಕ್ಕೇ ನಾವು ನಾಲಿಗೆ ನೋಡುವುದು. ನಾಲಿಗೆಯ ಬಣ್ಣಕ್ಕೆ ಮರ್ಯಾದೆ ಗೊತ್ತಿಲ್ಲ. ಇವರ ನಾಲಿಗೆಯ ಮೇಲಿನ ಬಿಳಿ ಪದರ ಬಂದ ದಿನ ಹೇಗಿತ್ತೋ ಇವತ್ತಿಗೂ ಹಾಗೇ ಇದೆ. ನಾಡಿಯೂ ಸಡಿಲವಾಗಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ನಿಮ್ಮ ಗ್ರಾಫು ಅಷ್ಟು ಚೆನ್ನಾಗಿತ್ತು. ನೀವು ಅಷ್ಟು ಖುಷಿಯಲ್ಲಿದ್ದಿರಿ."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಅವನ ಹೆಂಡತಿಯಿಂದ ಗುಳಿಗೆಯ ಖಾಲಿ ಹಾಳೆಗಳನ್ನು ಇಸಿದುಕೊಂಡು ನೋಡಿದರು, ಮುಖ ಗಂಭೀರವಾಯಿತು. ನೋವಿನ ಗುಳಿಗೆಯನ್ನು ದಿನಾ ನುಂಗಿದರೆ ಗುಳಿಗೆಯೇ ತಲೆನೋವು ತರುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ ಎಂದರು. ಅಲ್ಲಿಗೆ ಒಂದು ಬಾಣ ಸಿಕ್ಕಿತು. ಉಳಿದದ್ದು ಮರುದಿನ ಸಿಕ್ಕಿತು.

ನಮ್ಮ ಪ್ಲಾಂಟಿನಲ್ಲಿ ಥಿಕ್ನರ್ ಎಂಬ ದೊಡ್ಡ ದುಂಡು ತೊಟ್ಟಿಯಿದೆ. ಅದಿರು ತೊಳೆದ ಕೆಸರು ನೀರು ಅದರಲ್ಲಿ ನಿಧಾನವಾಗಿ ತಿಳಿಯಾಗುತ್ತದೆ. ಅದರ ಕೆಳಗಿನ ವಾಲ್ವು ತಿರುಗಿಸಿದರೆ ಫಲ ಕಾಣಲು ಗಂಟೆಗಟ್ಟಲೆ ಬೇಕು. ಕಾಯುವ ತಾಳ್ಮೆಯಿಲ್ಲದ ಶಿಫ್ಟಿನವರು ತಿರುಗಿಸಿ, ಮತ್ತೆ ತಿರುಗಿಸಿ, ತೊಟ್ಟಿ ಒಂದು ದಿನವೂ ತಿಳಿಯಾಗಿರುತ್ತಿರಲಿಲ್ಲ. ಅವತ್ತೂ ಹಾಗೆಯೇ ಒಬ್ಬ ವಾಲ್ವಿಗೆ ಕೈ ಹಾಕಿದ್ದ. "ಕೈ ತಗೀಯಪ್ಪ. ಒಂದು ಸೆಟ್ಟಿಂಗಿಗೆ ಅದು ಹೊಂದ್ಕೊಳ್ಳೋಕ್ ಮುಂಚೆ ಇನ್ನೊಂದ್ ಕೊಟ್ರ ಹೆಂಗ?" ಎಂದು ಬೈಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದೆ. ಯಾವ ವಾರದ್ದು ಹೇಳಲಿ ಎಂದು ಆಪರೇಟರ್ ಕೇಳಿದ್ದು ನೆನಪಾಯಿತು.

ನಮ್ಮಲ್ಲಿ ಶಿಫ್ಟು ವಾರಕ್ಕೊಮ್ಮೆ ಬದಲು. ಒಂದು ವಾರ ಹಗಲು, ಒಂದು ವಾರ ಸಂಜೆ, ಒಂದು ವಾರ ರಾತ್ರಿ. ಅವನ ಮೈ ಒಂದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು. ನಿದ್ದೆ ಕೆಟ್ಟು ತಲೆನೋವು, ತಲೆನೋವಿಗೆ ಗುಳಿಗೆ, ಗುಳಿಗೆಗೆ ಹೊಟ್ಟೆ ಕೆಟ್ಟು ಊಟ ಬಿಡುವುದು, ಊಟ ಬಿಟ್ಟದ್ದಕ್ಕೆ ಸುಸ್ತು, ಸುಸ್ತಿಗೆ ಚಹಾ, ಚಹಾಕ್ಕೆ ಮತ್ತೆ ನಿದ್ದೆಗೇಡು. ಅದರ ಮೇಲೆ ನಾವು ಸೂಜಿ, ಕಷಾಯ, ಹೊಸ ಗುಳಿಗೆ ಎಂದು ಮೂರು ಕಡೆಯಿಂದ ವಾಲ್ವು ತಿರುಗಿಸುತ್ತಿದ್ದೆವು. ವೈದ್ಯೆ ಮೊದಲ ದಿನವೇ ಸರಿಯಾದ ಪ್ರಶ್ನೆ ಕೇಳಿದ್ದರು, ಅವನು ಸರಿಯಾದ ಉತ್ತರ ಕೊಟ್ಟಿದ್ದ. ನಡುವೆ ನಾನಿದ್ದೆ.

ಇಬ್ಬರೂ ವೈದ್ಯರನ್ನು ಕೂರಿಸಿಕೊಂಡು ನನ್ನ ತೀರ್ಮಾನ ಹೇಳಿದೆ: ಎಲ್ಲ ನಿಲ್ಲಿಸೋಣ. ಸೂಜಿ, ಕಷಾಯ, ಗುಳಿಗೆ ಯಾವುದೂ ಬೇಡ. ತಂಡ ಹೊರಡುವವರೆಗೆ ಅವನಿಗೆ ಹಗಲು ಶಿಫ್ಟು ಮಾತ್ರ, ಹೊತ್ತಿಗೆ ಸರಿಯಾಗಿ ಊಟ. ಒಂದನ್ನೇ ಬದಲಿಸಿ ಕಾಯೋಣ. ಅವನನ್ನು ಯಾರೂ ಹೆಂಗದೀ ಎಂದು ಕೇಳಬಾರದು. ವೈದ್ಯೆ ನಾಲಿಗೆ ಮತ್ತು ನಾಡಿ ನೋಡಲಿ, ಹೆಂಡತಿ ತಟ್ಟೆ ಮತ್ತು ನಿದ್ದೆ ನೋಡಲಿ.

"ಒಂದು ಗುಳಿಗೀನೂ ಬ್ಯಾಡ ಅಂದ್ರ ನಾನ್ಯಾಕ್ರಿ ಡಾಕ್ಟರು?" ಎಂದರು ನಮ್ಮವರು. ಆಮೇಲೆ, "ಆದ್ರ ನೀವು ಹೇಳೋದು ಖರೇ ಅದ. ಶಿಫ್ಟಿನ ಮಾತು ನಾ ಆಡ್ತೀನಿ ಮ್ಯಾನೇಜರ್ ಹತ್ರ" ಎಂದು ಎದ್ದರು. ವೈದ್ಯೆ ಸೂಜಿಯ ಡಬ್ಬಿಯನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು ಕುಂತರು. ಇರುವ ದಿನಗಳೇ ಕಡಿಮೆ, ಅದರಲ್ಲಿ ಕೈಕಟ್ಟಿ ಕೂರುವುದು ಅವರಿಗೆ ಸುಲಭವಿರಲಿಲ್ಲ. "ನಿದ್ದೆ, ಋತು, ಊಟ ಮೊದಲು, ಸೂಜಿ ಆಮೇಲೆ ಎಂದು ನನಗೂ ಕಲಿಸಿದ್ದಾರೆ. ನಾನು ಅವಸರ ಮಾಡಿದೆ" ಎಂದರು.

ಮೊದಲ ದಿನಗಳು ಕೆಟ್ಟವು. ಗುಳಿಗೆ ನಿಂತ ಕೂಡಲೇ ಅವನ ನೋವು ದುಪ್ಪಟ್ಟಾಯಿತು. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರೂ ಹೆಂಡತಿ ಪ್ಲಾಂಟಿನ ಗೇಟಿಗೇ ಬಂದು, "ಏನ್ ಔಷಧಾನೂ ಕೊಡ್ಲಾರ್ದ ಮೂರು ಮಂದಿ ಸೇರಿ ನೋಡ್ಕೊಂತ ಕುಂತೀರಿ" ಎಂದು ನಮ್ಮನ್ನು ಸರಿಯಾಗಿ ತೊಳೆದಳು. ನನ್ನ ಕೈಯೂ ವಾಲ್ವು ತಿರುಗಿಸಲು ತುರಿಸುತ್ತಿತ್ತು. ಡಾಕ್ಟರು ದಿನಾ ಹೋಗಿ ಅವನ ಬಿಪಿ ನೋಡಿ ಬರುತ್ತಿದ್ದರು, ಬಂದವರು ನನಗೆ, "ಕಾಯ್ರಿ" ಎಂದಷ್ಟೇ ಹೇಳುತ್ತಿದ್ದರು. ಆಮೇಲೊಂದು ಬೆಳಿಗ್ಗೆ ವೈದ್ಯೆ ಕ್ಯಾಂಟೀನಿಗೆ ಬಂದವರೇ ತಮ್ಮ ನಾಲಿಗೆಯ ತುದಿಯನ್ನು ಬೆರಳಿನಿಂದ ತೋರಿಸಿ ನಕ್ಕರು. ಆಪರೇಟರನ ನಾಲಿಗೆಯ ಬಿಳಿ ಪದರ ಅಂಚಿನಿಂದ ತೆಳುವಾಗತೊಡಗಿತ್ತು. ಹೆಂಡತಿಯ ವರದಿಯೂ ಬಂತು: ರೊಟ್ಟಿ ಖಾಲಿ, ಮೇಲೆ ಶೇಂಗಾಚಟ್ನಿ ಕೇಳಿದ.

ಕೊನೆಯ ವಾರಗಳಲ್ಲಿ ಕುತ್ತಿಗೆಯ ಬಿಗಿತಕ್ಕೆಂದು ಸೂಜಿ ಮತ್ತೆ ಶುರುವಾಯಿತು. ಅದರಿಂದ ಎಷ್ಟು ಗುಣವಾಯಿತು, ಹಗಲು ಶಿಫ್ಟಿನಿಂದ ಎಷ್ಟು, ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬನೇ ರೋಗಿಯಿಂದ ಅದನ್ನು ಹೇಳಲಾಗುವುದಿಲ್ಲ. ಮುಚ್ಚಿದ ಯಂತ್ರವನ್ನು ಬಿಚ್ಚದೆ ತಿಳಿಯಬೇಕಾದವರು ಹೊರಗೆ ಸಿಗುವ ನಾಲ್ಕಾರು ಗುರುತುಗಳನ್ನು ಒಟ್ಟಿಗೆ ಓದಬೇಕು, ಒಂದು ಮದ್ದು ಕೊಟ್ಟು ಮತ್ತೆ ಓದಬೇಕು. ಅವರ ಶಾಸ್ತ್ರದಲ್ಲಿ ನನಗೆ ಅರ್ಥವಾದದ್ದು ಅಷ್ಟು. ಅಷ್ಟು ನನ್ನ ಕಸುಬಿಗೂ ಸಾಕಾಗಿತ್ತು.

ಎರಡನೆಯ ಪರೀಕ್ಷೆಯ ದಿನ ಡಾಕ್ಟರು ಆಪರೇಟರನ ಕಡೆ ನೋಡಲೇ ಇಲ್ಲ. ತಾವೇ ಕರೆಸಿದ್ದ ಅವನ ಹೆಂಡತಿಯನ್ನು ಕೇಳಿದರು. "ಏನಮ್ಮಾ, ಹೆಂಗದಾನ ನಿನ್ನ ಗಂಡ?"

"ಪಲ್ಯಕ್ಕ ಉಪ್ಪು ಜಾಸ್ತಿ ಅಂತ ನಿನ್ನೆ ಜಗಳಾಡಿದನ್ರಿ. ಮೊದ್ಲ ಸುಮ್ನ ಮಕ್ಕೊಂತಿದ್ದ."

"ಹತ್ತಪ್ಪ" ಎಂದರು ಡಾಕ್ಟರು.

ಹತ್ತಿದ. ಮೊದಲು ಖಾಲಿ ಯಾರ್ಡಿನಲ್ಲಿ, ಆಮೇಲೆ ಕೆಲವು ದಿನ ಜೊತೆಗೊಬ್ಬನನ್ನು ಇಟ್ಟುಕೊಂಡು, ಕೊನೆಗೆ ಒಬ್ಬನೇ ಲಾರಿ ತುಂಬಿದ. ಬಕೆಟ್ಟಿನಿಂದ ಅದಿರು ಚೆಲ್ಲದೆ ಇಳಿಯುವ ಆ ನಾಜೂಕು ಮರಳಿತ್ತು. ಡಾಕ್ಟರು ಫಿಟ್ ಎಂದು ಬರೆದು, ಕೆಳಗೆ ಹಗಲು ಶಿಫ್ಟು ಮಾತ್ರ ಎಂದು ಸೇರಿಸಿದರು. ಗೇಟಿನ ಬಾವುಟ ಬೇರೆಯವರ ಕೈಗೆ ಹೋಯಿತು. ನಾನು ಅವತ್ತು ಕ್ಯಾಂಟೀನಿನವರಿಗೆಲ್ಲ ಮಿರ್ಚಿ, ಮಂಡಕ್ಕಿ ಕೊಡಿಸಿದೆ.

ಚೀನೀ ತಂಡ ಹೊರಟಾಗ ಹೊಸಪೇಟೆ ಸ್ಟೇಷನ್ನಿಗೆ ನಾವೆಲ್ಲ ಹೋಗಿದ್ದೆವು. ಡಾಕ್ಟರು ನಾನು ಬರೆಸಿದ ಲಾರಿಯ ನಾಡಿಯ ಕಾಗದವನ್ನು ಗೋಡೆಯಿಂದ ಬಿಡಿಸಿ, ಕಟ್ಟು ಹಾಕಿಸಿ ವೈದ್ಯೆಗೆ ಕಾಣಿಕೆ ಕೊಟ್ಟರು. ವೈದ್ಯೆ ಎಲ್ಲರ ಜೊತೆ ನಗುತ್ತ ಮಾತಾಡುತ್ತಿದ್ದರು. ಇಷ್ಟು ತಿಂಗಳು ಅವರನ್ನು ಯಾರಾದರೂ ಹೇಗಿದ್ದೀರಿ ಎಂದು ಸರಿಯಾಗಿ ಕೇಳಿದ್ದೆವೇ ಎಂಬುದು ನನಗೆ ಆಗ ಹೊಳೆಯಿತು.

ಆಪರೇಟರನ ಹೆಂಡತಿ ರೊಟ್ಟಿಯ ಗಂಟು ಹಿಡಿದು ಅವರ ಮುಂದೆ ನಿಂತಳು. "ಅಮ್ಮಾರೇ, ಊಟ ಆತಾ?"

"ಆತು" ಎಂದರು ವೈದ್ಯೆ, ನಮ್ಮಿಂದ ಕಲಿತ ಕನ್ನಡದಲ್ಲಿ. "ಆರಾಮ."

ಅವಳು ನಂಬಲಿಲ್ಲ. ಅವರ ಮುಖವನ್ನೇ ನೋಡಿದಳು. ಗಂಟನ್ನು ಅವರ ಕೈಗಿಡುವ ಮೊದಲು ಗಲ್ಲ ಹಿಡಿದು ಮೆಲ್ಲಗೆ ಬೆಳಕಿನ ಕಡೆ ತಿರುಗಿಸಿದಳು.

"ನಾಲಿಗಿ ತೋರಸ್ರಿ."